ಎರಡು ಗೆರೆ

ನನ್ನ ಮಗಳ ಬೆರಳ ತುದಿಗಳು ಗೋಣಿಚೀಲದ ಬಾಯಿಯ ಹಾಗಿವೆ. ದಬ್ಬಣ ಹಾಕಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದ ಚೀಲದ ಬಾಯಿ. ಯಾವ ಬೆರಳು ಮುಟ್ಟಿದರೂ ಒರಟು. ಅವಳಿಗೆ ಹದಿಮೂರು ವರ್ಷ. ಶಾಲೆಗೆ ಸೇರಿದ ವರ್ಷವೇ ಸಕ್ಕರೆ ಕಾಯಿಲೆ ಹಿಡಿಯಿತು. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆ ಬೇರೆ, ಇದು ಬೇರೆ. ಇವಳ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ. ಹೊರಗಿನಿಂದ ಚುಚ್ಚಬೇಕು. ಚುಚ್ಚದಿದ್ದರೆ ಸಾಯುತ್ತಾಳೆ. ಜಾಸ್ತಿ ಚುಚ್ಚಿದರೂ ಸಾಯುತ್ತಾಳೆ.

ಎಷ್ಟು ಚುಚ್ಚಬೇಕು ಎಂದು ತಿಳಿಯಲು ಬೆರಳಿಗೆ ಸೂಜಿ ಹಾಕಿ, ಒಂದು ತೊಟ್ಟು ರಕ್ತ ಹಿಂಡಿ, ಪಟ್ಟಿಗೆ ಹಚ್ಚಿ, ಮೀಟರಿನಲ್ಲಿ ನೋಡಬೇಕು. ಆ ಪಟ್ಟಿಗಳನ್ನು ಸರ್ಕಾರಿ ಆಸ್ಪತ್ರೆಯವರು ತಿಂಗಳಿಗೊಂದು ಡಬ್ಬಿ ಕೊಡುತ್ತಾರೆ. ಅರ್ಧ ತಿಂಗಳಿಗೆ ಮುಗಿಯುತ್ತದೆ. ಉಳಿದರ್ಧ ತಿಂಗಳು ನಾವು ಅವಳ ಮುಖ ನೋಡಿ ಅಂದಾಜು ಮಾಡುತ್ತೇವೆ. ತುಟಿ ಬಿಳಿಚಿದೆಯಾ, ಮಾತು ತೊದಲುತ್ತಿದೆಯಾ, ಸುಮ್ಮಸುಮ್ಮನೆ ರೇಗುತ್ತಿದ್ದಾಳಾ. ಯಾವುದು ಸಕ್ಕರೆಯ ಸಿಟ್ಟು, ಯಾವುದು ಅಪ್ಪನಿಂದ ಬಂದ ಸಿಟ್ಟು ಎಂದು ಗೊತ್ತೇ ಆಗುವುದಿಲ್ಲ ಅಂತ ಅವಳ ಅಮ್ಮ ಗೊಣಗುತ್ತಾಳೆ.

ನಾನು ಹಮಾಲಿ. ಕಾಳಿನ ಗೋದಾಮಿನಲ್ಲಿ ಮೂಟೆ ಹೊರುತ್ತೇನೆ. ಎಡಭುಜದ ಚರ್ಮ ನೊಗ ಹೊತ್ತ ಎತ್ತಿನ ಕುತ್ತಿಗೆಯ ಹಾಗೆ ದಪ್ಪಗಾಗಿದೆ. ಜೊತೆಯವರು ನನ್ನನ್ನು ಕೊಕ್ಕೆ ಅಂತ ಕರೆಯುತ್ತಾರೆ. ಮೂಟೆ ಎಳೆಯುವ ಕೊಕ್ಕೆ ಎಲ್ಲರ ಕೈಯಲ್ಲೂ ಇದೆ. ನನಗೆ ಮಾತ್ರ ಆ ಹೆಸರು, ಯಾಕೆಂದರೆ ನಾನು ಯಾರನ್ನು ಮಾತಾಡಿಸಿದರೂ ಎಲ್ಲೋ ಒಂದು ಕಡೆ ಕಿತ್ತುಬರುತ್ತದಂತೆ.

ಬೆರಳು ಚುಚ್ಚದೆ ಸಕ್ಕರೆ ತೋರಿಸುವ ಬಿಲ್ಲೆಯನ್ನು ನಾನು ಮೊದಲು ನೋಡಿದ್ದು ನಮ್ಮ ಸಾವ್ಕಾರನ ತೋಳಿನ ಮೇಲೆ. ಅಂಗಿಯ ತೋಳು ಮಡಚಿ, ಬೆಳ್ಳಗೆ, ದೊಡ್ಡ ಗುಂಡಿಯಷ್ಟು ಅಗಲದ ಒಂದು ಬಿಲ್ಲೆ ತೋರಿಸಿದ. ಫೋನನ್ನು ಅದರ ಹತ್ತಿರ ಹಿಡಿದ. ಪೀಂ ಅಂದಿತು. ಫೋನಿನಲ್ಲಿ ಅಂಕಿ ಬಂತು, ಪಕ್ಕದಲ್ಲಿ ಒಂದು ಬಾಣ. ಬಾಣ ಮೇಲಕ್ಕಿದ್ದರೆ ಸಕ್ಕರೆ ಏರುತ್ತಿದೆ, ಕೆಳಕ್ಕಿದ್ದರೆ ಇಳಿಯುತ್ತಿದೆ. ಅವನಿಗಿರುವುದು ಮಾತ್ರೆಯಲ್ಲಿ ಹೋಗುವ ಸಕ್ಕರೆ. ಒಂದು ಲಡ್ಡು ತಿಂದು ಪೀಂ ಅನ್ನಿಸಿದ. ಇನ್ನೊಂದು ತಿಂದು ಮತ್ತೆ ಪೀಂ ಅನ್ನಿಸಿದ. ಗುಮಾಸ್ತ ನಕ್ಕ. ಸಾವ್ಕಾರ ನನ್ನ ಕಡೆ ತಿರುಗಿ, ನಿನ್ನ ಮಗಳಿಗೂ ಇದನ್ನೇ ಹಾಕಿಸು, ಬೆರಳು ಚುಚ್ಚುವ ರಗಳೆಯೇ ಇಲ್ಲ ಅಂದ. ಯಾವುದೋ ಒಳ್ಳೆಯ ಸೋಪಿನ ಹೆಸರು ಹೇಳುವವನ ಹಾಗೆ ಹೇಳಿದ. ಆ ಹೊತ್ತಿಗೆ ನನ್ನ ಹೆಗಲ ಮೇಲೆ ಮೂಟೆ ಇತ್ತು. ಇಲ್ಲದಿದ್ದರೆ ಕೈ ಏನು ಮಾಡುತ್ತಿತ್ತೋ ಹೇಳಲಾರೆ.

ಬಿಲ್ಲೆ ಎರಡು ವಾರ ಬಾಳುತ್ತದೆ. ಆಮೇಲೆ ಕಿತ್ತು ಹೊಸದು ಹಚ್ಚಬೇಕು. ಅದರ ಬೆಲೆ ಕೇಳಲು ಔಷಧಿ ಅಂಗಡಿಗೆ ಹೋಗಿದ್ದೆ. ಕೇಳಿದೆ, ಹೊರಗೆ ಬಂದೆ. ಅಷ್ಟೇ.

ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಸಿಸ್ಟರು ಸುದ್ದಿ ಹೇಳಿದರು. ಸರ್ಕಾರದಿಂದ ಬಿಲ್ಲೆ ಬರುತ್ತಿವೆ, ಮಕ್ಕಳಿಗೆ ಬಿಟ್ಟಿಯಾಗಿ. ಬೆಂಚಿನ ಮೇಲಿದ್ದ ಅಪ್ಪ ಅಮ್ಮಂದಿರೆಲ್ಲ ಎದ್ದು ನಿಂತೆವು. ಕೂತ್ಕೊಳ್ಳಿ, ಪೂರ್ತಿ ಕೇಳಿ ಅಂದರು. ಪೂರ್ತಿ ಕೇಳಿದೆವು. ಎಲ್ಲರಿಗೂ ಇಲ್ಲ. ಯಾವ ಮಗುವಿನ ಮೂರು ತಿಂಗಳ ಸಕ್ಕರೆಯ ಸರಾಸರಿ ಹದದಲ್ಲಿದೆಯೋ ಆ ಮಗುವಿಗೆ ಮಾತ್ರ.

ಡಾಕ್ಟರಮ್ಮನನ್ನು ನಾನು ಕೇಳಿದೆ, ಹದದಲ್ಲಿ ಇಡೋಕೇ ಅಲ್ವಾ ಆ ಬಿಲ್ಲೆ ಬೇಕಾಗಿರೋದು ಅಂತ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಕೆಟ್ಟವರಲ್ಲ. ಬೆಳಗಿನಿಂದ ಒಂದೇ ಕುರ್ಚಿಯಲ್ಲಿ ಕೂತು ನೋಡುವವರು. ಮೇಲಿನವರು ಕಳಿಸುವುದೇ ಬೆರಳೆಣಿಕೆಯಷ್ಟು, ಚೆನ್ನಾಗಿ ನೋಡಿಕೊಳ್ಳುವವರಿಗೆ ಕೊಟ್ಟು ಫಲ ತೋರಿಸಿದರೆ ಇನ್ನಷ್ಟು ಬರುತ್ತದೆ, ನೋಡಿಕೊಳ್ಳದವರಿಗೆ ಕೊಟ್ಟರೆ ದಂಡ ಅನ್ನುತ್ತಾರೆ ಅಂದರು. ದಂಡ ಎನ್ನುವ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ.

ನನ್ನ ಪಕ್ಕದಲ್ಲಿ ಇಸ್ತ್ರಿಯಕ್ಕ ಕೂತಿದ್ದಳು. ರಸ್ತೆ ಬದಿಯಲ್ಲಿ ತಳ್ಳುಗಾಡಿ ಇಟ್ಟು ಬಟ್ಟೆ ಇಸ್ತ್ರಿ ಮಾಡುವವಳು. ಅವಳ ಮಗನಿಗೂ ಇದೇ ಕಾಯಿಲೆ. ವರ್ಷಗಟ್ಟಲೆ ಒಂದೇ ಬೆಂಚು ಸವೆಸಿದ್ದೇವೆ. ನನ್ನ ಹತ್ತಿರ ಪಟ್ಟಿ ಮುಗಿದರೆ ಅವಳು ಕೊಟ್ಟಿದ್ದಾಳೆ, ಅವಳ ಇನ್ಸುಲಿನ್ ಸೀಸೆ ಒಡೆದಾಗ ನಾನು ಕೊಟ್ಟಿದ್ದೇನೆ. ಅವಳು ಮೆಲ್ಲಗೆ ಅಂದಳು:

"ಕೇಳಿದ್ಯಾ ಅಣ್ಣ? ಈಜು ಬರೋರಿಗೆ ಮಾತ್ರ ಹಗ್ಗ ಎಸೀತಾರಂತೆ."

ಎಲ್ಲರೂ ನಕ್ಕೆವು. ಡಾಕ್ಟರಮ್ಮನೂ ನಕ್ಕರು. ಮೂರು ತಿಂಗಳ ಆಮೇಲೆ ರಕ್ತ ತೆಗೆದು ನೋಡುತ್ತೇವೆ ಅಂದರು.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಸರಾಸರಿಯನ್ನೇ ಯೋಚಿಸಿದೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಆದರೆ ಸರಾಸರಿ ಗೊತ್ತಿತ್ತು. ಮೇಷ್ಟರು ಹೇಳಿಕೊಟ್ಟದ್ದಲ್ಲ, ವೇಬ್ರಿಡ್ಜು ಹೇಳಿಕೊಟ್ಟದ್ದು. ಲಾರಿ ತೂಗುವ ಕಟ್ಟೆ ಅದು. ಅದು ಒಂದೊಂದೇ ಚೀಲವನ್ನು ತೂಗುವುದಿಲ್ಲ, ಇಡೀ ಲಾರಿಯನ್ನು ತೂಗುತ್ತದೆ. ಒಂದಷ್ಟು ಚೀಲ ಭಾರ ಬಿದ್ದಿದ್ದರೆ ನಾವು ಇನ್ನೊಂದಷ್ಟರಿಂದ ಕಾಳು ಸುರಿದು ಹಗುರ ಮಾಡುತ್ತೇವೆ. ಕಟ್ಟೆ ಏರಿದಾಗ ಲೆಕ್ಕ ಸರಿ. ಒಳಗೆ ಯಾವ ಚೀಲ ಬಿರಿಯುತ್ತಿದೆ, ಯಾವುದು ಜೋತುಬಿದ್ದಿದೆ ಎಂದು ಯಾರೂ ಇಳಿಸಿ ನೋಡುವುದಿಲ್ಲ.

ನನ್ನ ಮಗಳ ಸಕ್ಕರೆ ರಾತ್ರಿ ಏರುತ್ತಿತ್ತು. ಅದನ್ನು ಇಳಿಸುವುದು ನನಗೆ ಗೊತ್ತಿರಲಿಲ್ಲ. ಹಗಲಿನದನ್ನು ಕೆಳಗೆ ತಳ್ಳಿದರೆ ಸರಾಸರಿ ಕೂಡಿಬರುತ್ತದೆ ಎಂದುಕೊಂಡೆ. ನಾನು ಹಾಗೆ ಲೆಕ್ಕ ಹಾಕಿದೆ. ಮಗಳನ್ನು ಲಾರಿಯ ಹಾಗೆ ಲೋಡು ಮಾಡಿದೆ.

ಹೆಂಡತಿ ಬೆಳಕು ಹರಿಯುವ ಮುಂಚೆಯೇ ಆಫೀಸುಗಳ ಕಸ ಗುಡಿಸಲು ಹೋಗುತ್ತಾಳೆ. ಬೆಳಗಿನ ಸೂಜಿ ನನ್ನದು. ಸಿರಿಂಜಿನ ಮೇಲೆ ಗೆರೆಗಳಿರುತ್ತವೆ, ಡಾಕ್ಟರಮ್ಮ ಹೇಳಿದ ಗೆರೆಯವರೆಗೆ ಎಳೆಯಬೇಕು. ನಾನು ಎರಡು ಗೆರೆ ಜಾಸ್ತಿ ಎಳೆದೆ. ಮಧ್ಯಾಹ್ನದ ಬುತ್ತಿಯಲ್ಲಿ ಒಂದು ಹಿಡಿ ಅನ್ನ ಕಮ್ಮಿ ಹಾಕಿದೆ. ಶಾಲೆಯಿಂದ ಬಂದ ಕೂಡಲೇ ತಿನ್ನುವ ಬಿಸ್ಕತ್ತಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಬಿಲ್ಲೆ ಬೇಕಲ್ವಾ ಪುಟ್ಟಿ, ಸ್ವಲ್ಪ ದಿನ ತಡಿ ಅಂದೆ. ಅವಳು ತಲೆ ಆಡಿಸಿದಳು.

ಅವಳು ಕ್ಲಾಸಿನಲ್ಲಿ ತೂಕಡಿಸುತ್ತಾಳೆ ಎಂದು ಟೀಚರು ಹೇಳಿಕಳಿಸಿದರು. ಹುಡುಗಿ ಬೆಳೆಯುತ್ತಿದ್ದಾಳೆ, ಹಾಗಾಗುತ್ತದೆ ಅಂತ ಹೇಳಿಕಳಿಸಿದೆ. ಅವಳ ಅಕ್ಷರ ಸೊಟ್ಟಗಾಯಿತು. ಸಂಜೆ ನಾನು ಮನೆಗೆ ಬಂದಾಗ ಬೆವರಿ ಗೋಡೆಗೆ ಒರಗಿರುತ್ತಿದ್ದಳು, ಕೈ ನಡುಗುತ್ತಿತ್ತು. ಒಂದು ಚಮಚ ಸಕ್ಕರೆ ಬಾಯಿಗೆ ಹಾಕುತ್ತಿದ್ದೆ. ಒಂದೇ ಚಮಚ. ಎರಡನೆಯದಕ್ಕೆ ಅವಳು ಬಾಯಿ ತೆರೆದಾಗ ಡಬ್ಬಿ ಮುಚ್ಚುತ್ತಿದ್ದೆ. ಆ ಮುಚ್ಚಳದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವಳು ಹಾಗೇ ಬಿದ್ದಳು. ಕೈಕಾಲು ಬಡಿದುಕೊಂಡಳಂತೆ. ನಾಲಗೆ ಕಚ್ಚಿಕೊಂಡಿದ್ದಳು. ಅಕ್ಕಪಕ್ಕದವರು ಎತ್ತಿ ತಂದು, ಯಾರೋ ಬುದ್ಧಿವಂತೆ ಸಕ್ಕರೆ ನೀರು ಬಾಯಿಗೆ ಸವರಿ ಬದುಕಿಸಿದಳು. ಹೆಂಡತಿ ಹೌಹಾರಿ ಕೇಳಿದಳು. ಪಾಚಿ ಇತ್ತು, ಜಾರಿದಳು ಅಂದೆ. ಮಗಳು ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ರಕ್ತ ಹತ್ತಿದ ನಾಲಗೆಯಲ್ಲಿ, ಹೌದಮ್ಮ ಜಾರಿದೆ ಅಂದಳು.

ಮರುದಿನ ಬೆಳಿಗ್ಗೆ ಸಿರಿಂಜು ಹಿಡಿದಾಗ ಕೈ ತಡೆಯಿತು. ಆಮೇಲೆ ಎರಡು ಗೆರೆ ಜಾಸ್ತಿಯೇ ಎಳೆಯಿತು.

ಮೂರು ತಿಂಗಳಿಗೆ ಸರಾಸರಿ ಇಳಿಯಿತು. ಹದಕ್ಕೆ ಬಂತು. ಡಾಕ್ಟರಮ್ಮ ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದರು. ಅಪ್ಪ ಅಂದರೆ ಹೀಗಿರಬೇಕು ಅಂತ ಇಡೀ ಹಾಲಿಗೆ ಕೇಳುವ ಹಾಗೆ ಹೇಳಿದರು. ಇಸ್ತ್ರಿಯಕ್ಕನ ಮಗನದು ಕೂದಲೆಳೆಯಷ್ಟು ಮೇಲಿತ್ತು. ಅವಳು ಮಗನಿಗೆ ಹೊಟ್ಟೆ ತುಂಬ ಉಣ್ಣಿಸಿದ್ದಳು. ಬಿದ್ದಾನು ಎಂದು ಹೆದರಿ ಶಾಲೆಯ ಬಾಗಿಲಿಗೆ ಹೋಗಿ ಹಾಲು ಕುಡಿಸಿ ಬಂದಿದ್ದಳು. ಅದಕ್ಕೇ ಮೇಲಿತ್ತು. ಅವಳಿಗೆ ಬಿಲ್ಲೆ ಇಲ್ಲ ಅಂದಾಗ ನನ್ನೊಳಗೆ ಎಲ್ಲೋ ಖುಷಿಯಾಯಿತು. ಒಬ್ಬರು ಕಮ್ಮಿಯಾದರು, ನಮ್ಮದು ಗಟ್ಟಿಯಾಯಿತು ಅಂತ. ಅವಳು ಮಾತ್ರ ನನ್ನ ಮಗಳ ಕೆನ್ನೆ ಸವರಿ, ಒಳ್ಳೇದಾಯ್ತು ಬಿಡವ್ವ ಅಂದಳು. ಅವಳ ಅಂಗೈಯಲ್ಲಿ ಇಸ್ತ್ರಿ ಪೆಟ್ಟಿಗೆಯ ಸುಟ್ಟ ಗುರುತುಗಳಿದ್ದವು.

ಬಿಲ್ಲೆ ಹಚ್ಚುವ ದಿನ ಹಾಲಿನಲ್ಲಿ ದೊಡ್ಡ ಟೀವಿ ಇಟ್ಟರು. ಮೇಲಿನ ಸಾಹೇಬರು ಬರುತ್ತಾರೆ, ಫೋಟೋ ತೆಗೆಯುವವರು ಬರುತ್ತಾರೆ, ಬಿಲ್ಲೆ ಹಚ್ಚಿದ ಮಗುವಿನ ಅಂಕಿ ಟೀವಿಯಲ್ಲಿ ಎಲ್ಲರಿಗೂ ಕಾಣುತ್ತದೆ ಎಂದು ಸಿಸ್ಟರು ಹಿಂದಿನ ದಿನವೇ ಹೇಳಿದ್ದರು. ಟೀವಿಯಲ್ಲಿ ಜಾಸ್ತಿ ಅಂಕಿ ಬಂದರೆ ಗತಿ ಏನು ಎಂದು ನನಗೆ ಹೆದರಿಕೆ. ಅವತ್ತು ಬೆಳಿಗ್ಗೆಯೂ ಎರಡು ಗೆರೆ ಜಾಸ್ತಿ ಎಳೆದೆ. ತಿಂಡಿ ಅರ್ಧಕ್ಕೇ ಸಾಕು, ಅಲ್ಲಿ ಹೋಗಿ ತಿನ್ನುವಿಯಂತೆ ಅಂದೆ.

ಮೊದಲ ಹೆಸರು ನಮ್ಮದೇ. ಸಿಸ್ಟರು ಮಗಳ ತೋಳು ಒರೆಸಿ, ಒಂದು ಡಬ್ಬಿಯನ್ನು ಒತ್ತಿದರು. ಟಕ್ ಅಂದಿತು. ಬಿಲ್ಲೆ ಕೂತಿತು. ಅದು ಎಚ್ಚರಾಗಲು ಒಂದು ಗಂಟೆ ಬೇಕು, ಆಮೇಲೆ ಫೋನು ಹಿಡಿಯದೆಯೇ ಅಂಕಿ ಟೀವಿಗೆ ಬರುತ್ತದೆ ಅಂದರು. ಮಗಳು ಅದನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡಿದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. ಉಳಿದ ಮಕ್ಕಳು ಬೆಂಚಿನಿಂದ ಕತ್ತು ಚಾಚಿ ನೋಡುತ್ತಿದ್ದವು. ಅವರನ್ನು ಯಾಕೆ ಕರೆಸಿದ್ದರು ಗೊತ್ತಾ? ನೋಡಿ ಕಲಿಯಲಿ ಅಂತ.

ಸಾಹೇಬರು ಬಂದರು. ಭಾಷಣ ಮಾಡಿದರು. ಯಂತ್ರ ದುಬಾರಿ, ಸರ್ಕಾರದ ಹಣ ಜನರ ಹಣ, ಅರ್ಹರಿಗೆ ಮಾತ್ರ ಸೇರಬೇಕು ಅಂದರು. ಭಾಷಣ ಬೇಗ ಮುಗಿಯುವ ಹಾಗೆ ಕಾಣಲಿಲ್ಲ. ಮಗಳು ಕುರ್ಚಿಯಲ್ಲಿ ಸ್ವಲ್ಪ ಸ್ವಲ್ಪವೇ ಕುಸಿಯುತ್ತಿದ್ದಳು. ನಾನು ಸಾಹೇಬರ ಬಾಯಿಯನ್ನೇ ನೋಡುತ್ತಿದ್ದೆ. ಕೊನೆಗೆ ಡಾಕ್ಟರಮ್ಮ ಮೈಕು ನನ್ನ ಕೈಗೆ ಕೊಟ್ಟರು. ನೀವು ಹೇಗೆ ಮಾಡಿದಿರಿ, ಇವರಿಗೆಲ್ಲ ನಿಮ್ಮ ಮಾತಿನಲ್ಲಿ ಹೇಳಿ ಅಂದರು.

ಹೇಳಲು ಒಂದು ಮಾತು ಸಿದ್ಧ ಮಾಡಿಕೊಂಡಿದ್ದೆ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಸೂಜಿ, ಡಾಕ್ಟರಮ್ಮ ಹೇಳಿದ ಹಾಗೆ. ಬಾಯಿ ತೆರೆದೆ. ಮುಂದಿನ ಬೆಂಚಿನಲ್ಲಿ ಇಸ್ತ್ರಿಯಕ್ಕ ಕೂತಿದ್ದಳು. ಮಗನನ್ನು ಮಡಿಲಿಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ, ನನ್ನ ತುಟಿಯನ್ನೇ ನೋಡುತ್ತಿದ್ದಳು. ಹೊಟ್ಟೆಕಿಚ್ಚು ಇಲ್ಲ. ಕಲಿಯಬೇಕು ಎನ್ನುವ ಆಸೆ ಅಷ್ಟೇ.

"ಹೇಳಣ್ಣ," ಅಂದಳು. "ನೀನು ಹೆಂಗೆ ಮಾಡ್ದೆ ಹೇಳು. ನಾನೂ ಹಂಗೇ ಮಾಡ್ತೀನಿ."

ನಾನು ಏನು ಹೇಳಿದರೂ ಇವಳು ಮಾಡುತ್ತಾಳೆ. ಸುಳ್ಳು ಹೇಳಿದರೆ, ಸರಿಯಾಗಿ ಮಾಡಿದರೂ ಬರಲಿಲ್ಲವಲ್ಲ, ನನ್ನದೇ ತಪ್ಪು ಎಂದು ತಲೆ ಚಚ್ಚಿಕೊಳ್ಳುತ್ತಾಳೆ. ಆಮೇಲೆ ಒಂದು ದಿನ ನನ್ನ ಲೆಕ್ಕಕ್ಕೇ ಬಂದು ನಿಲ್ಲುತ್ತಾಳೆ. ಅವಳ ಮಗ ನನ್ನ ಮಗಳಿಗಿಂತ ಚಿಕ್ಕವನು. ಎರಡು ಗೆರೆ ತಡೆಯುವುದಿಲ್ಲ.

"ಉಪವಾಸ ಕೆಡವಿದೆ," ಅಂದೆ.

ಮೈಕಿನಲ್ಲಿ ಅದು ಇಡೀ ಹಾಲಿಗೆ ಕೇಳಿತು. ಯಾರೋ ನಗಲು ಹೊರಟು ನಿಂತರು.

"ಸೂಜಿ ಎರಡು ಗೆರೆ ಜಾಸ್ತಿ ಹಾಕಿದೆ. ಅನ್ನ ಕಮ್ಮಿ ಮಾಡಿದೆ. ನಲ್ಲಿ ಹತ್ರ ಬಿದ್ಲು, ನಾಲಗೆ ಕಚ್ಕೊಂಡ್ಲು. ಮಾರನೇ ದಿನಾನೂ ಹಾಕಿದೆ. ಇವತ್ತೂ ಹಾಕಿದೀನಿ. ನೀವು ಕೇಳಿದ್ದು ಸರಾಸರಿ ಲೆಕ್ಕ, ನಾನು ಮಾಡಿದ್ದೂ ಸರಾಸರಿ ಲೆಕ್ಕ. ಅಕ್ಕ, ನೀನು ಹಿಂಗೆ ಮಾಡಬೇಡ."

ಡಾಕ್ಟರಮ್ಮನ ಕೈ ಬಾಯಿ ಮೇಲೆ ಹೋಯಿತು. ಸಾಹೇಬರು ಮೊದಲು ಫೋಟೋದವನ ಕಡೆ ನೋಡಿದರು, ಆಮೇಲೆ ಸಿಸ್ಟರ ಕಡೆ. ಹಾಗಾದರೆ ಇವರು ನಿಯಮದಲ್ಲಿ ಬರುವುದಿಲ್ಲ, ತೆಗೆದುಬಿಡಿ ಅಂದರು. ತೆಗೆದರೆ ಅದು ಮತ್ತೆ ಯಾರಿಗೂ ಆಗುವುದಿಲ್ಲ ಸರ್, ಕಸಕ್ಕೇ ಹಾಕಬೇಕು ಅಂತ ಸಿಸ್ಟರು ಹೇಳಿದರು.

"ಕಸಕ್ಕೆ ಹೋಗ್ಲಿ. ನಿಯಮ ನಿಯಮಾನೇ."

ಕಸಕ್ಕೆ ಹಾಕುತ್ತಾರಂತೆ, ಮಗುವಿಗೆ ಬಿಡುವುದಿಲ್ಲವಂತೆ. ಇಷ್ಟು ದಿನ ದುಬಾರಿ ದುಬಾರಿ ಅಂದದ್ದು ಇದನ್ನೇ. ಸಿಸ್ಟರು ಹೆಜ್ಜೆ ಮುಂದಿಟ್ಟರು. ಮಗಳು ಇನ್ನೊಂದು ಕೈಯಿಂದ ತೋಳನ್ನು ಮುಚ್ಚಿಕೊಂಡಳು. ನಾನು ಮೈಕು ಬಿಸಾಕಿ ನಡುವೆ ನಿಂತೆ. ಮುಟ್ಟಿದರೆ ನೋಡು ಅಂದೆ. ಸಿಸ್ಟರು ಪಾಪ ಅತ್ತುಬಿಟ್ಟರು.

ಆಗ ಪೀಂ ಅಂದಿತು. ಬಿಲ್ಲೆಗೆ ಎಚ್ಚರಾಗಿತ್ತು.

ಒಂದೇ ಸಲ ಅಲ್ಲ. ಪೀಂ ಪೀಂ ಅಂತ ನಿಲ್ಲಿಸದೆ ಕೂಗಿತು. ಟೀವಿ ಕೆಂಪಾಯಿತು. ಅಂಕಿ ಬಂತು. ಅಷ್ಟು ಕಡಿಮೆ ಅಂಕಿಯನ್ನು ನಾನು ನಮ್ಮ ಮೀಟರಿನಲ್ಲಿ ಯಾವತ್ತೂ ನೋಡಿರಲಿಲ್ಲ. ಯಾಕೆಂದರೆ ಅಂಥ ಹೊತ್ತಿನಲ್ಲಿ ನೋಡಲು ನಮ್ಮ ಹತ್ತಿರ ಪಟ್ಟಿ ಇರುತ್ತಿರಲಿಲ್ಲ. ಪಕ್ಕದಲ್ಲಿ ಬಾಣ ನೆಟ್ಟಗೆ ಕೆಳಕ್ಕೆ. ನಾನು ಮಾಡಿದ್ದು ಅಲ್ಲಿ ಗೋಡೆಯಷ್ಟು ಅಗಲವಾಗಿ ಕಾಣುತ್ತಿತ್ತು. ತಿರುಗಿ ನೋಡಿದೆ. ಮಗಳ ಕಣ್ಣು ಮೇಲಕ್ಕೆ ಹೋಗುತ್ತಿತ್ತು.

ನಾನು ನಿಂತಲ್ಲೇ ನಿಂತಿದ್ದೆ. ಓಡಿ ಬಂದವಳು ಇಸ್ತ್ರಿಯಕ್ಕ. ಮಗನಿಗೆಂದು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದ ಸಕ್ಕರೆ ಬಿಚ್ಚಿ, ನನ್ನ ಮಗಳ ತಲೆ ಎದೆಗೆ ಒತ್ತಿಕೊಂಡು, ಕೆನ್ನೆಯೊಳಗೆ ಸವರಿದಳು. ನುಂಗವ್ವ, ನುಂಗು ನನ್ನ ತಾಯಿ ಅಂತ ಗಂಟಲು ನೀವಿದಳು. ಒಂದು ಹಿಡಿ ಅಲ್ಲ, ಗಂಟು ಪೂರ್ತಿ. ಡಾಕ್ಟರಮ್ಮ ಗ್ಲೂಕೋಸು ತಂದು ನರಕ್ಕೆ ಏರಿಸಿದರು. ಟೀವಿಯ ಬಾಣ ನಿಧಾನಕ್ಕೆ ಅಡ್ಡವಾಯಿತು. ಇದನ್ನು ತೆಗೆಯುವುದಾದರೆ ನನ್ನನ್ನು ಮೊದಲು ಇಲ್ಲಿಂದ ತೆಗೆಯಿರಿ ಅಂತ ಡಾಕ್ಟರಮ್ಮ ಸಾಹೇಬರಿಗೆ ಹೇಳಿದ್ದು ನನಗೆ ಕೇಳಿತು. ಸಾಹೇಬರು ಆ ಹೊತ್ತಿಗೆ ಬಾಗಿಲ ಹತ್ತಿರ ಇದ್ದರು.

ಸಂಜೆ ವಾರ್ಡಿನಲ್ಲಿ ಮಗಳ ಪಕ್ಕ ಕೂತೆ. ತಪ್ಪಾಯಿತು ಅನ್ನಬೇಕು ಎಂದು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ. ನಿನಗೆ ಗೊತ್ತಾಗದ ಹಾಗೆ ಮಾಡಿಬಿಟ್ಟೆ ಪುಟ್ಟಿ ಅಂದೆ. ಅವಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು:

"ಗೆರೆ ಎಣಿಸೋಕೆ ನಂಗೆ ಬರಲ್ವಾ ಅಪ್ಪ?"

ದಿನವೂ ಎಣಿಸುತ್ತಿದ್ದಳು. ಎಣಿಸಿ, ತೋಳು ಕೊಡುತ್ತಿದ್ದಳು. ಬಿಲ್ಲೆ ಬೇಕಿತ್ತು ಅಂತಲೋ, ಅಪ್ಪ ಬೈಯುತ್ತಾನೆ ಅಂತಲೋ, ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕಸ ಗುಡಿಸುವ ಹೊತ್ತನ್ನು ಬದಲಾಯಿಸಿಕೊಂಡಳು. ಮರುದಿನದಿಂದ ಸಿರಿಂಜು ಅವಳ ಕೈಗೆ ಹೋಯಿತು. ಆಮೇಲೆ ನಾನು ಅದನ್ನು ಮುಟ್ಟಿಲ್ಲ.

ಆ ಬಿಲ್ಲೆ ಎರಡು ವಾರ ಇತ್ತು. ಎರಡು ವಾರ ನಮಗೆ ಕಣ್ಣು ಬಂದ ಹಾಗಿತ್ತು. ರಾತ್ರಿ ಎಲ್ಲಿ ಏರುತ್ತದೆ ಎಂದು ಕಂಡಿತು, ರಾತ್ರಿಯ ಊಟವನ್ನು ಸ್ವಲ್ಪ ಬೇಗ ಮಾಡಿದೆವು, ಅಷ್ಟಕ್ಕೇ ಏರುವುದು ನಿಂತಿತು. ಇಷ್ಟೇ ಇದ್ದದ್ದು. ಇಷ್ಟು ಕಾಣಲಿಲ್ಲ ಅಂತ ನಾನು ಅವಳನ್ನು ಕೊಲ್ಲಲು ಹೊರಟಿದ್ದೆ. ಆಮೇಲೆ ಬಿಲ್ಲೆ ಸತ್ತಿತು. ಹೊಸದು ಕೊಡಲಿಲ್ಲ. ನಿಯಮ. ತೋಳಿನ ಮೇಲೆ ಒಂದು ಬಿಳಿ ಸುತ್ತು ಉಳಿಯಿತು.

ಮುಂದಿನ ಸಲದ ಸರಾಸರಿ ನೋಡುವ ದಿನ ಬಂತು. ರಕ್ತ ತೆಗೆಯುವ ಕಿಟಕಿಯ ಮುಂದೆ ಸಾಲು. ಮಕ್ಕಳು ಒಬ್ಬೊಬ್ಬರೇ ಕಿಟಕಿಯೊಳಗೆ ಕೈ ತೂರಿಸಿ ಬೆರಳು ಕೊಡಬೇಕು. ಸಾಲಿನ ತಲೆಯಲ್ಲಿ ಇಸ್ತ್ರಿಯಕ್ಕನ ಮಗ. ಅವನು ಕೈ ಒಳಗಿಟ್ಟ. ಮುಷ್ಟಿ ಕಟ್ಟಿತ್ತು. ಬೆರಳು ಬಿಡು ಮರಿ ಅಂದರು ಒಳಗಿನಿಂದ. ಇಸ್ತ್ರಿಯಕ್ಕ ಕಿಟಕಿಗೆ ಬಗ್ಗಿ, ಜಗಳವಿಲ್ಲದ ಗಂಟಲಿನಲ್ಲಿ ಹೇಳಿದಳು:

"ಕಣ್ಣು ಕಟ್ಟಿ ನಡಿಗೆಗೆ ಮಾರ್ಕ್ಸ್ ಹಾಕ್ತೀರಲ್ಲ, ಮೊದ್ಲು ಬಿಚ್ಚಿ. ಎಲ್ಲಾ ಮಕ್ಕಳಿಗೂ ಹಚ್ಚಿ, ಆಮೇಲೆ ಸರಾಸರಿ ಕೇಳಿ. ಅಲ್ಲೀವರೆಗೂ ರಕ್ತ ಕೊಡಲ್ಲ."

ಅವನು ಪಕ್ಕಕ್ಕೆ ಸರಿದು ನಿಂತ. ಎರಡನೆಯ ಮಗುವೂ ಮುಷ್ಟಿ ಇಟ್ಟಿತು. ಮೂರನೆಯದೂ. ಇದನ್ನು ಅವಳು ಮನೆಮನೆಗೆ ಬಟ್ಟೆ ಕೊಡುವ ಹಾಗೆ ಹೋಗಿ ಹೇಳಿಬಂದಿದ್ದಳಂತೆ. ನಮ್ಮ ಮನೆಗೂ ಬಂದಿದ್ದಳಂತೆ. ನನ್ನನ್ನು ಕೇಳಿರಲಿಲ್ಲ, ನನ್ನ ಮಗಳನ್ನು ಕೇಳಿದ್ದಳು. ಕೊಡದಿದ್ದರೆ ತಿಂಗಳ ಪಟ್ಟಿಯೂ ನಿಲ್ಲುತ್ತದೆ ಎಂದು ಒಳಗಿನಿಂದ ಹೆದರಿಸಿದರು. ಸಾಲು ಅಲ್ಲಾಡಲಿಲ್ಲ. ಡಾಕ್ಟರಮ್ಮ ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಹೋಗಲಿಲ್ಲ.

ನಾನು ಸಾಲಿನ ಬಾಲದಲ್ಲಿದ್ದೆ. ಮುಂದೆ ನಿಲ್ಲುವ ಮುಖ ನನಗಿರಲಿಲ್ಲ. ನಮ್ಮ ಸರದಿ ಬಂತು. ಮಗಳು ಕಿಟಕಿಯೊಳಗೆ ಕೈ ಇಟ್ಟು, ಮುಷ್ಟಿ ತೋರಿಸಿ, ಹೊರಗೆ ತೆಗೆದಳು. ನನ್ನ ಎದೆ ಉಬ್ಬಿತು. ಎಲ್ಲ ಮಕ್ಕಳೂ ಸೇರಿ ಹೊರಗಿನ ಮೆಟ್ಟಿಲ ಮೇಲೆ ಧರಣಿ ಕೂರಲು ಹೊರಟರು. ಜನ ತಳ್ಳುತ್ತಿದ್ದರು. ಅವಳು ಬಿದ್ದಾಳು ಎಂದು ನಾನು ಅವಳ ಕೈ ಹಿಡಿಯಲು ಹೋದೆ.

ಕೈ ಸಿಕ್ಕಿತು. ಮುಷ್ಟಿ ಬಿಚ್ಚಲಿಲ್ಲ.